ಆ್ಯಕ್ಷನ್ ಅನ್ನುವುದಕ್ಕೂ ಮೊದಲು: ವಿಜಯಪುರದಿಂದ ಬೆಳಗಾವಿತನಕ ಒಂದು ರೆಕ್ಕಿ

ಚಿತ್ರೀಕರಣಕ್ಕೆ ಕೆಲವು ವಾರ ಮೊದಲು ಒಂದು ಟೆಂಪೊ ಟ್ರಾವೆಲರ್ ಹೊರಡುತ್ತದೆ. ಅದರಲ್ಲಿ ನಟ ನಟಿಯರು ಇರುವುದಿಲ್ಲ. ನಿರ್ದೇಶಕ, ಛಾಯಾಗ್ರಾಹಕ, ಕಲಾ ನಿರ್ದೇಶಕ, ಸೌಂಡ್ ರೆಕಾರ್ಡಿಸ್ಟ್, ಅಸೋಸಿಯೇಟ್ ಡೈರೆಕ್ಟರ್, ಲೈಟಿಂಗ್ ಮೇಲ್ವಿಚಾರಕ, ಪ್ರೊಡಕ್ಷನ್ ಮ್ಯಾನೇಜರ್, ಜತೆಗೆ ಆ ಸೀಮೆಯವನೇ ಆದ ಲೊಕೇಶನ್ ಮ್ಯಾನೇಜರ್. ಇಷ್ಟೇ ಮಂದಿ. ಚಿತ್ರೀಕರಣದ ಜಾಗಗಳನ್ನು ಮೊದಲೇ ನೋಡಿ ಬರುವ ಇದನ್ನು ಸಿನಿಮಾದವರು ರೆಕ್ಕಿ ಅನ್ನುತ್ತಾರೆ. ಪ್ರೇಕ್ಷಕರಿಗೆ ಮೇಕಿಂಗ್ ವಿಡಿಯೊಗಳಲ್ಲಿ ಕ್ರೇನು, ಸ್ಫೋಟ, ಹಗ್ಗ ಕಟ್ಟಿಕೊಂಡು ಹಾರುವ ನಾಯಕ ಕಾಣುತ್ತಾರೆ. ಈ ಓಡಾಟ ಕಾಣುವುದಿಲ್ಲ. ಆದರೆ ಒಂದು ಶಾಟು ಚಂದ ಬರುವುದೋ ಕೆಡುವುದೋ ಅನ್ನುವುದರ ಅರ್ಧ ಪಾಲು ಇಲ್ಲೇ ತೀರ್ಮಾನವಾಗಿರುತ್ತದೆ.

ಗಾಡಿಯಲ್ಲಿರುವ ಸಾಮಾನು ಕಡಿಮೆ: ದಿಕ್ಸೂಚಿ, 30 ಮೀಟರಿನ ಟೇಪು, ಲೈಟ್ ಮೀಟರ್, ಸಣ್ಣ ರೆಕಾರ್ಡರ್ ಮತ್ತು ಒಳ್ಳೆಯ ಹೆಡ್‌ಫೋನ್, ಸೂರ್ಯನ ಹಾದಿ ತೋರಿಸುವ ಆ್ಯಪ್ ಇರುವ ಫೋನು, ಸೀಮೆಸುಣ್ಣ, ಟಾರ್ಚು, ಪರೀಕ್ಷೆಗೊಂದು ಕ್ಯಾಮೆರಾ. ಜತೆಗೆ ದೃಶ್ಯಗಳನ್ನು ಜಾಗ, ಹೊತ್ತು, ಪಾತ್ರ, ಸಾಮಾನುಗಳ ಪ್ರಕಾರ ಬಿಡಿಸಿಟ್ಟ ಸ್ಕ್ರಿಪ್ಟ್ ಬ್ರೇಕ್‌ಡೌನ್. ಹೊತ್ತು ಡಿಸೆಂಬರ್ ಕೊನೆ, ಚಿತ್ರೀಕರಣ ಜನವರಿ ಕೊನೆಗೆ.

ಮೊದಲ ದಿನ: ವಿಜಯಪುರ

ಗೋಳಗುಮ್ಮಟಕ್ಕೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಬೇಕು. ಅದಕ್ಕೆ ಕಾರಣವನ್ನು ಅಲ್ಲಿನ ಕಾವಲುಗಾರ ಒಂದೇ ಮಾತಲ್ಲಿ ಹೇಳುತ್ತಾನೆ: "ಎಂಟೂವರಿ ಮ್ಯಾಲ ಸಾಲಿ ಹುಡುಗೂರ ಬಸ್ ಬರ್ತಾವ್ರೀ ಸರ. ಆಮ್ಯಾಲ ನಿಮ್ಮ ಮಾತು ನಿಮಗ ಕೇಳಂಗಿಲ್ಲ." ಡಿಸೆಂಬರ್, ಜನವರಿ ಶಾಲಾ ಪ್ರವಾಸದ ಕಾಲ. ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂಗದೆ ಇಳಿಯುವ ಹುಡುಗ ಇನ್ನೂ ಹುಟ್ಟಿಲ್ಲ.

ಇಲ್ಲಿ ಮೊದಲು ಮೇಲೆ ಹತ್ತುವವನು ಸೌಂಡ್ ರೆಕಾರ್ಡಿಸ್ಟ್. ನಾಲ್ಕು ಮೂಲೆಯ ಗೋಪುರಗಳಲ್ಲಿ ಒಂದರ ಕಿರಿದಾದ ಮೆಟ್ಟಿಲು ಹತ್ತಿದರೆ ಗುಮ್ಮಟದ ಬುಡದಲ್ಲಿ ಸುತ್ತುವ ಮೊಗಸಾಲೆ. ಮೊಹಮ್ಮದ್ ಆದಿಲ್ ಶಾಹನ ಈ ಸಮಾಧಿ 1656ರ ಹೊತ್ತಿಗೆ ಮುಗಿದದ್ದು, ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಒಳಗೆ 38ರ ಆಸುಪಾಸು. ಶಬ್ದದ ವೇಗ ಸೆಕೆಂಡಿಗೆ 340 ಮೀಟರ್ ಎಂದು ಹಿಡಿದರೆ ಒಂದು ಮಾತು ಎದುರು ಗೋಡೆಗೆ ಹೋಗಿ ತಿರುಗಿ ಬರಲು ಸೆಕೆಂಡಿನ ಐದರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಬೇಕು. ನಾವು ಮಾತಾಡುವಾಗ ಒಂದು ಅಕ್ಷರ ಹೊರಡಲು ಹೆಚ್ಚೂಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಅಂದರೆ ಪ್ರತಿ ಅಕ್ಷರದ ಮೇಲೂ ಅದರ ಹಿಂದಿನ ಅಕ್ಷರದ ಪ್ರತಿಧ್ವನಿ ಬಂದು ಕೂರುತ್ತದೆ. ಪ್ರವಾಸಿಗೆ ಇದು ಸೋಜಿಗ, ಸಂಭಾಷಣೆ ಹಿಡಿಯುವವನಿಗೆ ಇದರಷ್ಟು ಕಷ್ಟದ ಜಾಗ ಇನ್ನೊಂದಿಲ್ಲ.

ದಾರಿ ಇದೆ. ನಟರ ಎದೆಯ ಮೇಲೆ, ಗದ್ದದಿಂದ ಒಂದು ಗೇಣು ಕೆಳಗೆ ಲೇಪಲ್ ಮೈಕು ಕೂರಿಸಿದರೆ ನೇರ ಮಾತಿನ ಪಾಲು ಹೆಚ್ಚಾಗಿ ಪ್ರತಿಧ್ವನಿ ಹಿಂದೆ ಸರಿಯುತ್ತದೆ. ದೃಶ್ಯ ಮುಗಿದ ಕೂಡಲೇ ಅದೇ ನಟರನ್ನು ಹೊರಗೆ ನಿಲ್ಲಿಸಿದ ಕಾರಿನಲ್ಲಿ ಕೂರಿಸಿ, ಕಿಟಕಿ ಏರಿಸಿ, ಅದೇ ಮಾತನ್ನು ಅದೇ ಉಸಿರಿನಲ್ಲಿ ಮತ್ತೆ ಹೇಳಿಸಿ ರೆಕಾರ್ಡ್ ಮಾಡಿಕೊಳ್ಳಬೇಕು. ಸೀಟಿನ ಸ್ಪಂಜು, ಬಟ್ಟೆ ಎಲ್ಲ ಸೇರಿ ಕಾರು ಒಳ್ಳೆಯ ಒಣ ಕೋಣೆಯಾಗುತ್ತದೆ. ಇನ್ನು ಗುಮ್ಮಟದ ಸ್ವಭಾವವನ್ನೇ ಹಿಡಿದೊಯ್ಯುವ ಕೆಲಸ: ಸ್ಪೀಕರಿನಲ್ಲಿ 20 ಹರ್ಟ್ಸ್‌ನಿಂದ 20 ಸಾವಿರ ಹರ್ಟ್ಸ್‌ವರೆಗೆ ಮೆಲ್ಲಗೆ ಏರುವ ಶಬ್ದ ನುಡಿಸಿ, ಮಧ್ಯದಲ್ಲಿ ಒಮ್ಮೆ, ಗೋಡೆಯ ಬಳಿ ಒಮ್ಮೆ, ಮೊಗಸಾಲೆಯಲ್ಲಿ ಒಮ್ಮೆ ರೆಕಾರ್ಡ್ ಮಾಡುವುದು. ಬೆಂಗಳೂರಿನ ಮಿಕ್ಸಿಂಗ್ ಸ್ಟುಡಿಯೊದಲ್ಲಿ ಇದರಿಂದ ಗುಮ್ಮಟದ ಪ್ರತಿಧ್ವನಿಯನ್ನು ಬೇರ್ಪಡಿಸಿ, ಕಾರಿನಲ್ಲಿ ಹಿಡಿದ ಒಣ ಮಾತಿಗೆ ಬೇಕಾದಷ್ಟೇ ಬೆರೆಸಬಹುದು. ಕೊನೆಗೆ ಯಾರೂ ಅಲುಗಾಡದೆ ಒಂದು ನಿಮಿಷ ಖಾಲಿ ಗುಮ್ಮಟದ ಸದ್ದು. ಪಾರಿವಾಳದ ರೆಕ್ಕೆ, ದೂರದ ರಸ್ತೆ, ಗಾಳಿ ಅದರಲ್ಲಿ ಇರುತ್ತವೆ. ಈ ಒಂದು ನಿಮಿಷ ಇಲ್ಲದಿದ್ದರೆ ಸಂಕಲನಕಾರ ಎರಡು ಶಾಟು ಜೋಡಿಸುವಾಗ ನಡುವಿನ ಮೌನ ಸತ್ತ ಹಾಗೆ ಕೇಳುತ್ತದೆ. ಸೆಟ್ಟಿನಲ್ಲಿ ಎಲ್ಲರೂ ಅವಸರದಲ್ಲಿದ್ದಾಗ "ಒಂದು ನಿಮಿಷ ಸೈಲೆನ್ಸ್" ಎಂದು ಕೇಳಿ ಪಡೆಯುವ ರೆಕಾರ್ಡಿಸ್ಟನ ಹಟ ದೊಡ್ಡ ಗುಣ.

ಕೆಳಗೆ ಛಾಯಾಗ್ರಾಹಕ ದಿಕ್ಸೂಚಿ ಹಿಡಿದಿರುತ್ತಾನೆ. ಗೋಳಗುಮ್ಮಟದ ಮುಂಭಾಗ ದಕ್ಷಿಣಕ್ಕೆ. ವಿಜಯಪುರ ಇರುವುದು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದಲ್ಲಿ ಸೂರ್ಯ ಇಡೀ ದಿನ ದಕ್ಷಿಣದ ಆಕಾಶದಲ್ಲೇ ಸಾಗುತ್ತಾನೆ, ನಡುಹಗಲಿಗೂ 50–55 ಡಿಗ್ರಿಯಷ್ಟೇ ಏರುತ್ತಾನೆ. ಹಾಗಾಗಿ ಮುಂಭಾಗಕ್ಕೆ ಬೆಳಗ್ಗೆ ಆಗ್ನೇಯದಿಂದ, ಸಂಜೆ ನೈರುತ್ಯದಿಂದ ಓರೆಬೆಳಕು ಸಿಗುತ್ತದೆ, ಗಾರೆ ಕೆಲಸದ ಉಬ್ಬುತಗ್ಗು ಎದ್ದು ಕಾಣುತ್ತದೆ. ಅದೇ ಜಾಗಕ್ಕೆ ಮೇ ಮೊದಲ ವಾರದಲ್ಲಿ ಬಂದರೆ ನಡುಹಗಲಿಗೆ ಸೂರ್ಯ ನೆತ್ತಿಗೇ ಬರುತ್ತಾನೆ: ನೆರಳು ಕಾಲ ಕೆಳಗೆ, ನಟರ ಕಣ್ಣುಗುಳಿಗಳು ಕಪ್ಪು. ಈ ಭಾಗದ ಹೊರಾಂಗಣ ಚಿತ್ರೀಕರಣವನ್ನು ನವೆಂಬರಿನಿಂದ ಫೆಬ್ರವರಿಯೊಳಗೆ ಮುಗಿಸಬೇಕು ಅನ್ನುವುದಕ್ಕೆ ಸೆಕೆಗಿಂತ ಇದೇ ಮುಖ್ಯ ಕಾರಣ. ಸಂಜೆ ಎಷ್ಟು ಹೊತ್ತು ಬೆಳಕಿದೆ ಎಂದು ನೋಡಲು ಆ್ಯಪ್ ಬೇಕಿಲ್ಲ. ತೋಳು ಪೂರ್ತಿ ಚಾಚಿ ದಿಗಂತ ಮತ್ತು ಸೂರ್ಯನ ನಡುವೆ ಬೆರಳು ಅಡ್ಡ ಹಿಡಿದರೆ ಒಂದು ಬೆರಳಿಗೆ ಸುಮಾರು 15 ನಿಮಿಷ, ನಾಲ್ಕು ಬೆರಳಿಗೆ ಒಂದು ತಾಸು.

ಪ್ರೊಡಕ್ಷನ್ ಮ್ಯಾನೇಜರನ ದಿನ ಬೇರೆಯೇ ಕಡೆ ಕಳೆಯುತ್ತದೆ. ಇದು ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಚಿತ್ರೀಕರಣಕ್ಕೆ ಬಹಳ ಮೊದಲೇ ಅರ್ಜಿ, ಶುಲ್ಕ, ಠೇವಣಿ, ದೃಶ್ಯದ ಸಾರಾಂಶ ಎಲ್ಲ ಹೋಗಬೇಕು. ಗೋಡೆಗೆ ಮೊಳೆ ಇಲ್ಲ, ಅಂಟುಪಟ್ಟಿ ಇಲ್ಲ, ಹೊಗೆ ಇಲ್ಲ, ಬೆಂಕಿ ಇಲ್ಲ. ಟ್ರಾಲಿ ಟ್ರ್ಯಾಕು ಹಾಸುವುದಾದರೆ ಕೆಳಗೆ ರಬ್ಬರ್ ಹಾಸು, ಅದರ ಮೇಲೆ ಪ್ಲೈವುಡ್, ಆಮೇಲೆ ಹಳಿ. ಡ್ರೋನ್ ಹಾರಿಸಲು 2021ರ ಡ್ರೋನ್ ನಿಯಮಗಳ ಪ್ರಕಾರ ಆ ಜಾಗ ಒಪ್ಪಿಗೆ ಬೇಡದ ಹಸಿರು ವಲಯದಲ್ಲಿದೆಯೋ ಬೇಕಾದ ಹಳದಿಯಲ್ಲೋ ಎಂದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡುವುದು ಒಂದು ಹೆಜ್ಜೆ, ಸ್ಮಾರಕದ ಒಪ್ಪಿಗೆ ಇನ್ನೊಂದು. ಒಂದು ಸಿಕ್ಕಿತೆಂದರೆ ಇನ್ನೊಂದೂ ಸಿಕ್ಕ ಹಾಗಲ್ಲ.

ಸಂಜೆ ಬಾರಾಕಮಾನು. ಮೇಲೆ ಚಾವಣಿ ಇಲ್ಲದ ಕಮಾನುಗಳು, ಸುತ್ತ ಊರು. ಒಂದು ಕಮಾನಿನ ಹಿಂದೆ ಮೊಬೈಲ್ ಟವರು ಬರುತ್ತದೆ. ಕ್ಯಾಮೆರಾ ನಾಲ್ಕು ಹೆಜ್ಜೆ ಎಡಕ್ಕೆ, ಮೊಣಕಾಲು ಎತ್ತರಕ್ಕೆ ಇಳಿದರೆ ಕಲ್ಲಿನ ಹಿಂದೆ ಅಡಗುತ್ತದೆ. ಆ ಜಾಗಕ್ಕೆ ಫೋಟೊ, ಲೆನ್ಸಿನ ಅಳತೆ, ಎತ್ತರ ಬರೆದುಕೊಂಡರೆ ಆಮೇಲೆ ಕಂಪ್ಯೂಟರಿನಲ್ಲಿ ಟವರು ಅಳಿಸುವ ಖರ್ಚು ಉಳಿಯಿತು.

ಎರಡನೆಯ ದಿನ: ಬಾಗಲಕೋಟೆಯ ದಾರಿ

ದಾರಿಯ ದಿನ. ಕೊಲ್ಹಾರದಲ್ಲಿ ಕೃಷ್ಣೆಯ ಸೇತುವೆ ದಾಟುವಾಗ ಎರಡೂ ಕಡೆ ಆಲಮಟ್ಟಿ ಹಿನ್ನೀರು. ಹಳೆಯ ಬಾಗಲಕೋಟೆಯ ದೊಡ್ಡ ಪಾಲು ಇದೇ ನೀರಿಗೆ ಹೋದದ್ದರಿಂದ ಐವತ್ತರ ದಶಕದ ಪೇಟೆ ಬೀದಿ ಬೇಕೆಂದರೆ ಬೇರೆ ಊರು ಹುಡುಕಬೇಕು.

ಹೊಲದಲ್ಲಿ ಬಿಳಿಜೋಳ ಆಳೆತ್ತರ ನಿಂತಿದೆ. ಕಥೆಯಲ್ಲಿ ಜೋಳದ ನಡುವೆ ಓಡುವ ದೃಶ್ಯ ಇದೆ. ಅಸೋಸಿಯೇಟ್ ಡೈರೆಕ್ಟರ್ ಮೊದಲು ಕೇಳುವ ಪ್ರಶ್ನೆ, ಇದು ಎಂದಿಗೆ ಕೊಯ್ಲಿಗೆ ಬರುತ್ತದೆ? ಹೊಲದ ಯಜಮಾನ ಹೇಳುತ್ತಾನೆ: "ಫೆಬ್ರವರಿ ನಡುವ ಕೊಯ್ಯಾಕ ಬರ್ತದ್ರೀ. ಆಳು ಸಿಕ್ಕ್ರ ನಾ ಒಂದಿನಾನೂ ನಿಂದ್ರಂಗಿಲ್ಲ." ಹಾಗಾದರೆ ಈ ದೃಶ್ಯ ಶೆಡ್ಯೂಲಿನ ಮೊದಲ ದಿನಗಳಿಗೆ ಬರಬೇಕು. ಮುಂದೆ ಮಾರ್ಚಿನಲ್ಲಿ ಒಂದು ಕ್ಲೋಸಪ್ಪು ತಪ್ಪಿದೆ ಎಂದು ಗೊತ್ತಾದರೆ ಹಿಂದೆ ಕೂಳೆ ಮಾತ್ರ ಇರುತ್ತದೆ. ಕೊಯ್ಲು ತಡಮಾಡಲು ಒಪ್ಪಿದ ರೈತನಿಗೆ ಹಕ್ಕಿ ತಿಂದ ಕಾಳಿನ ಲೆಕ್ಕವನ್ನೂ ಸೇರಿಸಿ ದುಡ್ಡು ಕೊಡುವುದು ನ್ಯಾಯ, ಅದನ್ನು ಬಜೆಟ್ಟಿನಲ್ಲಿ ಈಗಲೇ ಬರೆಯಬೇಕು.

ಎರಿ (ಕಪ್ಪು) ಮಣ್ಣಿನದು ಬೇರೆ ಲೆಕ್ಕ. ಒಣಗಿದ್ದಾಗ ಗಟ್ಟಿ, ಬಿರುಕು. ಒಂದು ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ, ಜನರೇಟರ್ ವ್ಯಾನು ಚಕ್ರದ ಅರ್ಧದತನಕ ಹೂತುಕೊಳ್ಳುತ್ತದೆ. ವ್ಯಾನು ಗರಸಿನ ದಾರಿಯ ಮೇಲೇ ನಿಲ್ಲಬೇಕು, ಅಲ್ಲಿಂದ ಕೇಬಲ್ ಎಳೆಯಬೇಕು. ಗಾಳಿಯಲ್ಲಿ ಏಳುವ ಸಣ್ಣ ಧೂಳಿನಲ್ಲಿ ಲೆನ್ಸ್ ಬದಲಿಸುವುದು ಗಾಜು ಏರಿಸಿದ ಗಾಡಿಯ ಒಳಗೆ ಮಾತ್ರ. ಸೆನ್ಸರಿನ ಮೇಲೆ ಕೂತ ಒಂದು ಧೂಳಿನ ಕಣ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ; ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) 2.8ರಲ್ಲಿ ಕಾಣುವುದೇ ಇಲ್ಲ, 11ಕ್ಕೆ ಇಳಿಸಿದ ಕೂಡಲೇ ಆಕಾಶದಲ್ಲಿ ಕಪ್ಪು ಚುಕ್ಕೆಯಾಗಿ ಬರುತ್ತದೆ. ಅದಕ್ಕೇ ಕ್ಯಾಮೆರಾ ಸಹಾಯಕರು ದಿನಕ್ಕೊಮ್ಮೆ ಸಣ್ಣ ಅಪರ್ಚರಿನಲ್ಲಿ ಬಿಳಿ ಹಾಳೆ ಚಿತ್ರಿಸಿ ನೋಡುತ್ತಾರೆ.

ಇನ್ನೊಂದು ಶತ್ರು ಕಬ್ಬಿನ ಟ್ರ್ಯಾಕ್ಟರ್. ಕಾರ್ಖಾನೆಗಳು ನುರಿಸುವ ಈ ತಿಂಗಳುಗಳಲ್ಲಿ ಎರಡೆರಡು ಟ್ರೇಲರ್ ಎಳೆಯುತ್ತ, ದೊಡ್ಡ ಸ್ಪೀಕರಿನಲ್ಲಿ ಜಾನಪದ ಹಾಡು ಹಾಕಿಕೊಂಡು ಹಗಲೂ ರಾತ್ರಿ ಹೋಗುತ್ತವೆ. ಚಾಲಕರ ನಿದ್ದೆ ಓಡಿಸುವ ಹಾಡು ಅದು, ಬೇಡ ಅನ್ನುವ ಹಾಗಿಲ್ಲ. ರಸ್ತೆಯ ಎರಡೂ ತುದಿಗೆ ವಾಕಿಟಾಕಿ ಹಿಡಿದ ಹುಡುಗರನ್ನು ನಿಲ್ಲಿಸಿ, ಟ್ರ್ಯಾಕ್ಟರ್ ಕಂಡ ಕೂಡಲೇ ಹೇಳಿಸಿ, ಅದು ದಾಟಿದ ಮೇಲೆ ಟೇಕು ತೆಗೆಯುವುದೇ ದಾರಿ.

ಮೂರನೆಯ ದಿನ: ಬಾದಾಮಿ, ಪಟ್ಟದಕಲ್ಲು

ಬಾದಾಮಿಯ ಗುಹೆಗಳು ದಕ್ಷಿಣದ ಗುಡ್ಡದ ಉತ್ತರ–ವಾಯವ್ಯ ಅಂಚಿನಲ್ಲಿವೆ. ಮಂಗಳೇಶ ಕೊರೆಸಿದ, ಶಾಸನದಿಂದ ಕ್ರಿ.ಶ. 578 ಎಂದು ಖಚಿತವಾದ ಮೂರನೆಯ ಗುಹೆಯೂ ಅಲ್ಲೇ. ಚಳಿಗಾಲದಲ್ಲಿ ಸೂರ್ಯ ಗುಡ್ಡದ ಬೆನ್ನ ಹಿಂದೆ ಸಾಗುವುದರಿಂದ ಗುಹೆಯ ಮುಖಕ್ಕೆ ನೇರ ಬಿಸಿಲು ಬಹುಪಾಲು ಬೀಳುವುದಿಲ್ಲ. ಪ್ರವಾಸಿಯ ಫೋಟೊಕ್ಕೆ ಇದು ಸಪ್ಪೆ. ಸಿನಿಮಾಕ್ಕೆ ವರ: ಬೆಳಗಿನಿಂದ ಸಂಜೆತನಕ ಹೆಚ್ಚು ಬದಲಾಗದ ಮೃದು ಬೆಳಕು. ಆರು ತಾಸು ಹಿಡಿಯುವ ಸಂಭಾಷಣೆಯ ದೃಶ್ಯ ಹತ್ತು ನಿಮಿಷದ್ದೆಂದು ತೋರಬೇಕಾದರೆ ಇಂಥ ಜಾಗವೇ ಬೇಕು. ಕೆರೆ ದಂಡೆಯ ಭೂತನಾಥ ಗುಡಿಯದು ತದ್ವಿರುದ್ಧ. ಅಗಸ್ತ್ಯತೀರ್ಥ ಕೆರೆಯ ಪೂರ್ವದ ತುದಿಯಲ್ಲಿ ಪಶ್ಚಿಮಕ್ಕೆ ಮುಖಮಾಡಿದ ಆ ಗುಡಿಗೆ ಸಂಜೆಯ ಕೊನೆಯ ಮುಕ್ಕಾಲು ತಾಸೇ ಎಲ್ಲ. ಡಿಸೆಂಬರಿನಲ್ಲಿ ಹೊತ್ತು ಮುಳುಗುವುದು ಆರರ ಮೇಲೆ ಸ್ವಲ್ಪಕ್ಕೆ. ಐದೂಕಾಲಿಗೆ ರಿಹರ್ಸಲ್ ಮುಗಿದು ಎಲ್ಲರೂ ತಯಾರಿರದಿದ್ದರೆ ಆ ದಿನ ಹೋಯಿತು.

ಕೆಂಪು ಮರಳುಗಲ್ಲು ಇನ್ನೊಂದು ತಕರಾರು ತೆಗೆಯುತ್ತದೆ. ಬಂಡೆಗೆ ಬಡಿದ ಬೆಳಕು ಕೆಂಪಾಗಿ ಮರಳಿ ನಟಿಯ ಒಂದು ಕೆನ್ನೆ ಜ್ವರ ಬಂದವರ ಹಾಗೆ ಕಾಣಿಸುತ್ತದೆ, ಇನ್ನೊಂದು ಕೆನ್ನೆ ಆಕಾಶದ ನೀಲಿಯಲ್ಲಿ ತಣ್ಣಗಿರುತ್ತದೆ. ಮೇಕಪ್ಪಿನಲ್ಲಿ ಸರಿಪಡಿಸಲು ಹೋದರೆ ಮುಂದಿನ ಶಾಟಿನಲ್ಲಿ ಮುಖ ಹಸಿರಾಗುತ್ತದೆ. ಬಂಡೆಯ ಕಡೆಗೆ ಕಪ್ಪು ಬಟ್ಟೆ ಹಿಡಿದು ಕೆಂಪು ಬೆಳಕನ್ನು ತಡೆದು, ಎದುರಿನಿಂದ ಬಿಳಿ ಥರ್ಮಾಕೋಲಿನಲ್ಲಿ ಮೆದುವಾಗಿ ತುಂಬಬೇಕು. ಗುಡ್ಡದ ಗಾಳಿಗೆ ಥರ್ಮಾಕೋಲು ಮುರಿಯುತ್ತದೆ, ಚೌಕಟ್ಟಿಗೆ ಕಟ್ಟಿದ ಬಿಳಿ ಬಟ್ಟೆಯೇ ವಾಸಿ. ಪ್ರತಿ ಚೌಕಟ್ಟಿಗೂ ಮರಳಿನ ಚೀಲ, ಒಬ್ಬ ಲೈಟ್ ಬಾಯ್. ಆ ಹುಡುಗ ಅರ್ಧ ತಾಸು ಕೈ ಅಲುಗಿಸದೆ ನಿಂತದ್ದು ತೆರೆಯ ಮೇಲೆ ಮುಖದ ಸಮ ಬಣ್ಣವಾಗಿ ಕಾಣುತ್ತದೆ.

ಇಲ್ಲಿ ಒಂದು ಪರೀಕ್ಷೆ ಶಾಟು. ಹೊರಗಿನ ಬಿಸಿಲಿನ ಮೆಟ್ಟಿಲು, ಸಂವೇದನೆ (ಐಎಸ್ಒ) 800, ಸೆಕೆಂಡಿಗೆ 24 ಫ್ರೇಮು, ಪ್ರತಿ ಫ್ರೇಮಿಗೆ ಐವತ್ತರಲ್ಲೊಂದು ಸೆಕೆಂಡು. ಹಾಗೇ ಬಿಟ್ಟರೆ ಅಪರ್ಚರ್ 64 ಬೇಕಾಗುತ್ತದೆ, ಅಂಥ ಸಿನಿಮಾ ಲೆನ್ಸು ಸಿಗುವುದಿಲ್ಲ. ಹಿನ್ನೆಲೆ ಮೃದುವಾಗಲು 4 ಬೇಕೆಂದರೆ ಎಂಟು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ) ಬೆಳಕು ಕಡಿಯಬೇಕು. ಅದಕ್ಕೆ ಎನ್‌ಡಿ 2.4 ಫಿಲ್ಟರ್, ಬೆಳಕನ್ನು 256ರಲ್ಲೊಂದು ಪಾಲಿಗೆ ಇಳಿಸುವಂಥದ್ದು. ಅಷ್ಟು ದಟ್ಟ ಫಿಲ್ಟರ್ ಅಗ್ಗದ್ದಾದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣ ಒಳನುಗ್ಗಿ ಕಪ್ಪು ಕೋಟು ಕಂದುಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಅವಕೆಂಪನ್ನೂ ತಡೆಯುವ ಫಿಲ್ಟರೇ ಬೇಕು ಎಂದು ಬಾಡಿಗೆ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು.

ಗುಹೆಯ ಒಳಗೆ ಕಷ್ಟ, ನಟ ಅಲುಗಿದಂತೆ ಲೆನ್ಸಿನ ಫೋಕಸ್ ತಿದ್ದುವ ಫೋಕಸ್ ಪುಲ್ಲರನದು. 85 ಎಂಎಂ ಲೆನ್ಸು, ಅಪರ್ಚರ್ 2, ನಟ ಮೂರು ಮೀಟರ್ ದೂರ. ಆಗ ಚೊಕ್ಕವಾಗಿ ಕಾಣುವ ಆಳ ಒಟ್ಟು ಹನ್ನೆರಡು ಸೆಂಟಿಮೀಟರಿನಷ್ಟು. ಮೂಗಿನಿಂದ ಕಿವಿತನಕ, ಅಷ್ಟೇ. ನಟ ಭಾವುಕನಾಗಿ ಒಂದು ಗೇಣು ಮುಂದೆ ಬಾಗಿದರೆ ಕಣ್ಣು ಮಸುಕು. ಪುಲ್ಲರ್ ರಿಹರ್ಸಲಿನಲ್ಲೇ ಟೇಪು ಹಿಡಿದು ಅಳೆದು, ನೆಲದಲ್ಲಿ ಗುರುತು ಹಾಕಿ, ನಟನ ಉಸಿರು ನೋಡುತ್ತ ಕೈಚಕ್ರ ತಿರುಗಿಸುತ್ತಾನೆ. ಸ್ಮಾರಕದ ನೆಲಕ್ಕೆ ಸೀಮೆಸುಣ್ಣ, ಟೇಪು ಅಂಟಿಸುವ ಹಾಗಿಲ್ಲದ್ದರಿಂದ ಮರಳು ತುಂಬಿದ ಸಣ್ಣ ಬಟ್ಟೆ ಗಂಟುಗಳೇ ಗುರುತು. ಅವನ ಕೆಲಸ ಸರಿಯಾದಾಗ ಯಾರೂ ಅವನನ್ನು ನೆನೆಯುವುದಿಲ್ಲ; ನಮ್ಮ ಪ್ರಕಾರ ಸೆಟ್ಟಿನಲ್ಲಿ ಅತಿ ಹೆಚ್ಚು ಗೌರವ ಸಲ್ಲಬೇಕಾದ ಕೈ ಅದು.

ಮಂಗಗಳ ಮಾತು ಬಿಡುವಂತಿಲ್ಲ. ತಿಂಡಿಯ ಚೀಲ ಗುಡ್ಡಕ್ಕೆ ತರುವುದೇ ಬೇಡ, ಊಟ ಕೆಳಗೆ. ಮೈಕಿನ ರೋಮದ ಹೊದಿಕೆ, ಸಣ್ಣ ಬ್ಯಾಟರಿ, ಲೆನ್ಸಿನ ಮುಚ್ಚಳ ಎಲ್ಲ ಜಿಪ್ ಇರುವ ಪೆಟ್ಟಿಗೆಯಲ್ಲಿ, ಪಕ್ಕದಲ್ಲಿ ಕೋಲು ಹಿಡಿದ ಒಬ್ಬ ಕಾವಲು.

ಮಧ್ಯಾಹ್ನ ಪಟ್ಟದಕಲ್ಲಿಗೆ, 22 ಕಿ.ಮೀ. 1987ರಿಂದ ವಿಶ್ವ ಪರಂಪರೆಯ ತಾಣ. ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖಮಾಡಿದೆ, ಬೆಳಗಿನ ಜಾಗ. ಇಲ್ಲಿಗೆ ಮಧ್ಯಾಹ್ನ ಬಂದದ್ದು ನಿಲುಗಡೆ, ಶೌಚಾಲಯ, ಊಟದ ಜಾಗ ನೋಡಲು ಮಾತ್ರ. ಎಂಬತ್ತು ಮಂದಿಯ ತಂಡಕ್ಕೆ ಇವು ಇಲ್ಲದಿದ್ದರೆ ಎಂಥ ಚೆಂದದ ಗುಡಿಯೂ ಲೊಕೇಶನ್ ಅಲ್ಲ. ವೇಷ ಬದಲಿಸಲು ಹೆಣ್ಣುಮಕ್ಕಳಿಗೆ ಬಾಗಿಲಿರುವ ಕೋಣೆ ಎಲ್ಲಿದೆ ಎಂಬುದು ರೆಕ್ಕಿಯ ವರದಿಯಲ್ಲಿ ಮೊದಲ ಸಾಲಿನಲ್ಲಿ ಇರಬೇಕಾದ ಸಂಗತಿ.

ನಾಲ್ಕನೆಯ ದಿನ: ಗುಳೇದಗುಡ್ಡದ ಕಡೆ, ಒಂದು ಮಾಳಿಗೆ ಮನೆ

ಕಥಾನಾಯಕಿಯ ಮನೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮೇಲೆ ಬೆಳಕಿಂಡಿ, ಒಳಗೆ ಕತ್ತಲೆ. ಕಲಾ ನಿರ್ದೇಶಕ ಒಳಗೆ ಹೋಗುವ ಮೊದಲು ಚಪ್ಪಲಿ ಬಿಟ್ಟು ಮನೆಯ ಹಿರಿಯಳನ್ನು ಮಾತಾಡಿಸುತ್ತಾನೆ. ಮೂಲೆಯ ಗಡಗಿ ಸಾಲು ಚೆನ್ನಾಗಿದೆ ಎಂದು ಕೈಚಾಚಿದರೆ, "ಮುಟ್ಟಬ್ಯಾಡೋ ತಮ್ಮಾ, ಅದರಾಗ ಬೀಜದ ಕಾಳ ಅದಾವ" ಅನ್ನುತ್ತಾಳೆ ಅಜ್ಜಿ. "ಇಲ್ಲ ಯವ್ವಾ, ಇದ್ದಲ್ಲೇ ಇರಲಿ, ಪಟ ಅಷ್ಟ ತಗೀತೀವಿ." ಅದೇ ಸರಿ. ಮನೆಯ ಪ್ರತಿ ಗೋಡೆ, ಪ್ರತಿ ಗೂಡಿನ ಫೋಟೊ ತೆಗೆದು ಸಂಖ್ಯೆ ಹಾಕಬೇಕು. ಟಿವಿ, ಪ್ಲಾಸ್ಟಿಕ್ ಕೊಡ, ಸ್ವಿಚ್ ಬೋರ್ಡು, ಡಿಶ್ ಆಂಟೆನಾ ಚಿತ್ರೀಕರಣದ ದಿನ ತೆಗೆದು, ಮುಗಿದ ಮೇಲೆ ಫೋಟೊ ನೋಡಿಯೇ ಮೊದಲಿದ್ದ ಹಾಗೆ ಇಡಬೇಕು. ಊರಲ್ಲಿ ಎರಡನೆಯ ತಂಡಕ್ಕೆ ಮನೆ ಸಿಗುವುದು ಮೊದಲ ತಂಡ ಬಿಟ್ಟುಹೋದ ರೀತಿಯ ಮೇಲೆ.

ಹಬ್ಬಕ್ಕೆಂದು ಹೊಡೆದ ಹೊಸ ಸುಣ್ಣ ಗೋಡೆಯ ಮೇಲೆ ಬೆಳ್ಳಗೆ ಹೊಳೆಯುತ್ತಿದೆ. ಕ್ಯಾಮೆರಾಕ್ಕೆ ಇಷ್ಟು ಬಿಳಿ ಬೇಡ. ಗೋಡೆ ಮುಖಕ್ಕಿಂತ ಎರಡು ಸ್ಟಾಪ್ ಮೇಲೆ ಹೋದರೆ ಕಣ್ಣು ಗೋಡೆಗೇ ಹೋಗುತ್ತದೆ. ತೆಳು ಚಹಾ ಡಿಕಾಕ್ಷನ್, ಅದಕ್ಕೆ ಒಂದು ಚಿಟಿಕೆ ಹಳದಿ ಮಣ್ಣು, ಪಂಪಿನಲ್ಲಿ ಮಂಜಿನ ಹಾಗೆ ಸಿಂಪಡಿಸಿದರೆ ಬಿಳುಪು ಸಾಯುತ್ತದೆ, ಆಮೇಲೆ ಒಂದು ಕೈ ಸುಣ್ಣದಲ್ಲಿ ಮನೆ ಮೊದಲಿನಂತಾಗುತ್ತದೆ. ಕೈ ತಾಗುವ ಎತ್ತರದಲ್ಲಿ, ಒಲೆಯ ಮೇಲ್ಗಡೆ, ಬಾಗಿಲ ಚೌಕಟ್ಟಿನ ಬಳಿ ಮಾತ್ರ ಕೊಳೆ ಹೆಚ್ಚಿರಬೇಕು. ಗೋಡೆ ತುಂಬ ಒಂದೇ ಸಮ ಹಳತಾಗಿಸಿದರೆ ಸೆಟ್ಟು ಎಂದು ಥಟ್ಟನೆ ತಿಳಿಯುತ್ತದೆ. ಬಿಳಿ ಧೋತರ, ಅಂಗಿಗೂ ಇದೇ ಉಪಾಯ: ಒಂದು ಬಕೆಟ್ ಬಿಸಿನೀರಿಗೆ ಒಂದು ಹಿಡಿ ಚಹಾಪುಡಿ ಕುದಿಸಿ ಸೋಸಿ, ಹತ್ತು ನಿಮಿಷ ಅದ್ದಿ, ಉಪ್ಪುನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸುವುದು.

ಉಡುಪಿನವರಿಗೆ ಇದು ಖಜಾನೆಯ ಸೀಮೆ. ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ) ಇಲ್ಲೇ, ಇಳಕಲ್ಲ ಸೀರೆ ಅದೇ ಜಿಲ್ಲೆಯದು. ಆದರೆ ಖಣದ ಒತ್ತು ವಿನ್ಯಾಸ, ಸೀರೆಯ ಸಣ್ಣ ಚೌಕಳಿ ಕೆಲವು ದೂರದಲ್ಲಿ ಕ್ಯಾಮೆರಾದ ಸೆನ್ಸರಿನ ಜಾಲಕ್ಕೆ ಅಡ್ಡಾದಿಡ್ಡಿ ಸಿಕ್ಕಿ ಬಟ್ಟೆಯ ಮೇಲೆ ನೀರಿನಲೆ ಓಡಿದ ಹಾಗೆ ತೋರುತ್ತದೆ. ಅಂಗಡಿಯಲ್ಲಿ ನೋಡಿದರೆ ತಿಳಿಯದು. ಬಳಸುವ ಲೆನ್ಸಿನಲ್ಲಿ ಎರಡು, ನಾಲ್ಕು, ಎಂಟು ಮೀಟರ್ ದೂರದಿಂದ ಚಿತ್ರಿಸಿ ದೊಡ್ಡ ಮಾನಿಟರಿನಲ್ಲಿ ನೋಡಬೇಕು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಮತ್ತು ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಕೆಂಪು ಸೆರಗಿನ ಬಿಳಿ ತೆನೆ ಎಷ್ಟು ಕಾಣಬೇಕು ಎಂಬುದನ್ನು ಉಡಿಸುವವರು ಊರಿನ ಹೆಣ್ಣುಮಕ್ಕಳನ್ನೇ ಕೇಳಿ ತಿಳಿಯಬೇಕು. ಹೊಲದಲ್ಲಿ ದುಡಿಯುವ ಪಾತ್ರಕ್ಕೆ ಹೊಸ ಸೀರೆ ಸೆಟೆದು ನಿಲ್ಲುತ್ತದೆ, ಏಳೆಂಟು ಸಲ ಒಗೆದು ಕೊಡಬೇಕು. ಕೆಸರಿನ, ರಕ್ತದ ದೃಶ್ಯವಿದ್ದರೆ ಒಂದೇ ಬಗೆಯ ಕನಿಷ್ಠ ಮೂರು ಜೊತೆ, ಮೂರನ್ನೂ ಒಂದೇ ಸಮ ಒಗೆದಿರಬೇಕು.

ಮನೆಯ ಒಳಗಿನ ಬೆಳಕಿಗೆ ಲೈಟಿಂಗ್ ಮೇಲ್ವಿಚಾರಕ ಮೊದಲು ಮೀಟರ್ ಬೋರ್ಡು ನೋಡುತ್ತಾನೆ. ಹಗಲಿನಂಥ ಬೆಳಕು ಕೊಡುವ, ನಾಲ್ಕು ಸಾವಿರ ವ್ಯಾಟಿನ ಒಂದು ಎಚ್‌ಎಂಐ ದೀಪ ಹತ್ತಿರತ್ತಿರ 20 ಆಂಪಿಯರ್ ಎಳೆಯುತ್ತದೆ. ಮನೆಯ ದೊಡ್ಡ ಸಾಕೆಟ್ಟೇ 15ರದ್ದು. ಜನರೇಟರ್ ಬೇಕೇ ಬೇಕು. ಶಬ್ದ ತಡೆವ ಪೆಟ್ಟಿಗೆಯ ಜನರೇಟರ್ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು ಎಂಬುದು ಮಾಲಿನ್ಯ ನಿಯಂತ್ರಣದ ಮಿತಿ. ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಇಳಿಯುತ್ತದೆ, 100 ಮೀಟರಿಗೆ ಲೆಕ್ಕದಲ್ಲಿ 35. ಓಣಿಯ ಗೋಡೆಗಳು ಸದ್ದು ಮರಳಿಸುವುದರಿಂದ ನಿಜದಲ್ಲಿ ಇನ್ನಷ್ಟು ಇರುತ್ತದೆ, ಅದಕ್ಕೆ ಮನೆಗಳ ಸಾಲಿನ ಹಿಂದೆ ನಿಲ್ಲಿಸಬೇಕು. ಅಷ್ಟು ಉದ್ದದ ಕೇಬಲ್ಲಿನಲ್ಲಿ ವೋಲ್ಟೇಜ್ ಕುಸಿಯದಂತೆ ದಪ್ಪ ತಂತಿ ಬೇಕು. ಎಚ್‌ಎಂಐ ಒಮ್ಮೆ ಆರಿದರೆ ಕೂಡಲೇ ಹೊತ್ತುವುದಿಲ್ಲ, ಬಲ್ಬು ತಣ್ಣಗಾಗಬೇಕು. ಆ ಹೊತ್ತಿನಲ್ಲಿ ನಟರ ಹದ ತಪ್ಪುತ್ತದೆ. ಟೇಕುಗಳ ನಡುವೆ ದೀಪ ಆರಿಸಬೇಡ ಎಂದು ಹಿರಿಯ ಲೈಟ್‌ಮನ್‌ಗಳು ಹುಡುಗರಿಗೆ ಹೇಳುವುದು ಇದಕ್ಕೇ.

ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲಿಗೆ ಮಾತ್ರ ದೀಪ ಬೇಡ, ಕನ್ನಡಿ ಸಾಕು. ಈ ವಿದ್ಯೆಗೆ ಮೈಸೂರಿನ ವಿ.ಕೆ. ಮೂರ್ತಿಯವರ ಹೆಸರು ಅಂಟಿಕೊಂಡಿದೆ. 1959ರ ಒಂದು ಹಿಂದಿ ಚಿತ್ರದಲ್ಲಿ ಸ್ಟುಡಿಯೊದ ಕತ್ತಲೆಗೆ ಹೊರಗಿನ ಬಿಸಿಲನ್ನೇ ಕನ್ನಡಿಗಳಿಂದ ತಿರುಗಿಸಿ ಬೆಳಕಿನ ಕಂಬ ನಿಲ್ಲಿಸಿದವರು ಅವರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ ಅದನ್ನು ಪಡೆದ ಮೊದಲ ಛಾಯಾಗ್ರಾಹಕ ಅವರೇ. ಮಾಳಿಗೆಯ ಮೇಲೆ ಎರಡಡಿ ಅಗಲ, ಮೂರಡಿ ಎತ್ತರದ ಕನ್ನಡಿ ನಿಲ್ಲಿಸಿದರೆ ಕೆಲಸ ಆಗುತ್ತದೆ, ಆದರೆ ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ, ಹತ್ತು ಮೀಟರ್ ದೂರಕ್ಕೆ ಅದು 17 ಸೆಂಟಿಮೀಟರ್. ಅಂದರೆ ಪ್ರತಿ ಟೇಕಿಗೂ ಮೊದಲು ಮೇಲಿನ ಹುಡುಗ ಕನ್ನಡಿ ತಿದ್ದಬೇಕು, ಕೆಳಗಿನಿಂದ ಒಬ್ಬ "ಎಡಕ್ಕ, ಇನ್ನ ಸ್ವಲ್ಪ, ಸಾಕು" ಎಂದು ಕೂಗಬೇಕು. ಗಾಳಿಯಲ್ಲಿ ಕಣ ಇಲ್ಲದಿದ್ದರೆ ಕಿರಣ ಕಾಣುವುದಿಲ್ಲ. ಲೋಬಾನದ ತೆಳು ಹೊಗೆ ಹಾಕಿ, ಎರಡು ನಿಮಿಷ ಬಾಗಿಲು ಮುಚ್ಚಿ, ಅದು ಕೋಣೆ ತುಂಬ ಸಮವಾಗಿ ಹರಡಿದ ಮೇಲೆ ಟೇಕು. ಅಜ್ಜಿಗೆ ಕೆಮ್ಮು ಇದ್ದರೆ ಆ ದಿನ ಪಕ್ಕದ ಮನೆಯಲ್ಲಿ ಕೂರಲು ವ್ಯವಸ್ಥೆ ಮಾಡಬೇಕು.

ಸಂಜೆ ಬನಶಂಕರಿಯ ಕಡೆಗೆ ಹೋಗಿ ಬರುವುದು ಒಳ್ಳೆಯದು. ಬನದ ಹುಣ್ಣಿಮೆಯ ಜಾತ್ರೆಗೆ ಬರುವ ನಾಟಕ ಕಂಪನಿಗಳಲ್ಲಿ ಪರದೆ ಏರಿಳಿಸುವವರು, ಬಣ್ಣ ಹಚ್ಚುವವರು, ಸಾವಿರ ಜನರಿಗೆ ಮಾತು ಮುಟ್ಟಿಸುವ ನಟರು ಇದ್ದಾರೆ. ಸಣ್ಣ ಪಾತ್ರಗಳಿಗೆ ಈ ಸೀಮೆಯ ಮಾತು ಬಲ್ಲವರು ಬೇಕೆಂದರೆ ಬೆಂಗಳೂರಿನಿಂದ ಕರೆತಂದು ಭಾಷೆ ಕಲಿಸುವುದಕ್ಕಿಂತ ಇಲ್ಲಿ ಕೇಳುವುದೇ ಸರಿ.

ಐದನೆಯ ದಿನ: ಗೋಕಾಕ

ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಜಾಗ. ಡಿಸೆಂಬರಿನಲ್ಲಿ ಬಂಡೆಯೇ ಹೆಚ್ಚು, ನೀರು ಕಡಿಮೆ. ತುಂಬಿದ ಜಲಪಾತ ಬೇಕೆಂದರೆ ಜುಲೈನಿಂದ ಸೆಪ್ಟೆಂಬರ್. ಹೀಗಾಗಿ ತೀರ್ಮಾನ ಎರಡು ಪಾಲಾಗುತ್ತದೆ: ನಟರಿರುವ ಹತ್ತಿರದ ಶಾಟುಗಳು ಜನವರಿಯಲ್ಲಿ, ನೀರಿನ ಅಗಲ ಶಾಟುಗಳು ಮಳೆಗಾಲದಲ್ಲಿ ನಾಲ್ಕೇ ಮಂದಿಯ ಎರಡನೇ ಘಟಕದಿಂದ. ಎರಡೂ ಸೇರಬೇಕಾದರೆ ಲೆನ್ಸು, ಕ್ಯಾಮೆರಾದ ಎತ್ತರ, ಬಾಗಿದ ಕೋನ, ನಿಂತ ಜಾಗ, ಗಂಟೆ ಎಲ್ಲವನ್ನೂ ಬರೆದಿಡಬೇಕು. ಜನವರಿಯ ಬಿಸಿಲು ಆಗಸ್ಟಿನ ಮೋಡಕ್ಕೆ ಹೊಂದುವುದಿಲ್ಲ. ಅದಕ್ಕೆ ಹತ್ತಿರದ ಶಾಟುಗಳನ್ನು ನೆರಳಿನಲ್ಲಿ, ತಲೆಯ ಮೇಲೆ ಹನ್ನೆರಡಡಿ ಚೌಕದ ಬಿಳಿ ಬಟ್ಟೆ ಕಟ್ಟಿ ತೆಗೆಯಬೇಕು.

ನೀರಿನ ಸದ್ದು ಎಲ್ಲ ಕಂಪನಾಂಕಗಳಲ್ಲೂ ಹರಡಿರುವುದರಿಂದ ಫಿಲ್ಟರ್ ಮಾಡಿ ಮಾತು ಬೇರ್ಪಡಿಸಲು ಬರುವುದಿಲ್ಲ. ಇಲ್ಲಿ ಹಿಡಿಯುವುದು ಗೈಡ್ ಟ್ರ್ಯಾಕ್ (ಡಬ್ಬಿಂಗಿಗೆ ದಾರಿ ತೋರುವ ಕಚ್ಚಾ ದನಿ) ಮಾತ್ರ, ಮಾತು ಡಬ್ಬಿಂಗಿನಲ್ಲಿ. ಆದರೆ ನಟರು ಇಲ್ಲಿ ಕೂಗಿ ಮಾತಾಡಿದ್ದರೆ ಡಬ್ಬಿಂಗ್ ಕೋಣೆಯಲ್ಲೂ ಅಷ್ಟೇ ಗಂಟಲು ತೆಗೆಯಬೇಕು. ಮೆಲ್ಲಗೆ ಹೇಳಿದರೆ ಕುತ್ತಿಗೆಯ ನರ ಒಂದು ಹೇಳುತ್ತದೆ, ದನಿ ಇನ್ನೊಂದು. ಜಲಪಾತದ ಬಳಿಯ ತೂಗುಸೇತುವೆಯ ಮೇಲೆ ಟ್ರೈಪಾಡ್ ಇಟ್ಟರೆ ಪ್ರತಿ ಹೆಜ್ಜೆಗೂ ಚೌಕಟ್ಟು ಓಲಾಡುತ್ತದೆ, ಜನರ ಭಾರಕ್ಕೂ ಮಿತಿ ಇದೆ. ದಂಡೆಯ ಗಟ್ಟಿ ನೆಲದಿಂದ ಉದ್ದ ಲೆನ್ಸಿನಲ್ಲಿ ಸೇತುವೆಯನ್ನು ಹಿಡಿಯುವುದೇ ಜಾಣತನ. ಬಂಡೆಯ ಅಂಚಿನಿಂದ ಮೂರು ಮೀಟರ್ ಒಳಗೆ ಒಂದು ಹಗ್ಗ ಕಟ್ಟಬೇಕು, ಅದನ್ನು ದಾಟುವವರು ಸೊಂಟಕ್ಕೆ ಪಟ್ಟಿ ಹಾಕಿಯೇ ದಾಟಬೇಕು. ಇದರಲ್ಲಿ ನಿರ್ದೇಶಕನಿಗೂ ವಿನಾಯಿತಿ ಇಲ್ಲ.

ಬಾಜಾರದಲ್ಲಿ ಕರದಂಟು ಕಟ್ಟಿಸಿಕೊಂಡು ಸಂಜೆಗೆ ಬೆಳಗಾವಿ, ಅರವತ್ತು ಚಿಲ್ಲರೆ ಕಿ.ಮೀ.

ಆರನೆಯ ದಿನ: ಬೆಳಗಾವಿ

ಮಳೆ ನಿಂತ ಮೇಲಿನ ರಾತ್ರಿ ಬೀದಿಯ ದೃಶ್ಯ. ಪೇಟೆಯ ಎಲ್‌ಇಡಿ ದೀಪಗಳು, ಅಂಗಡಿಯ ಹಳೆಯ ಟ್ಯೂಬ್‌ಲೈಟುಗಳು ಒಂದೇ ಥರ ಉರಿಯುವುದಿಲ್ಲ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅಗ್ಗದ ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಸೆಕೆಂಡಿಗೆ 24 ಫ್ರೇಮಿಗೆ ಸಾಮಾನ್ಯವಾಗಿ ಇಡುವ 180 ಡಿಗ್ರಿ ಶಟರಿನಲ್ಲಿ (ಅಂದರೆ ಪ್ರತಿ ಫ್ರೇಮಿನ ಅರ್ಧ ಹೊತ್ತು ಮಾತ್ರ ಬೆಳಕು ಒಳಬಿಡುವಾಗ) ಈ ಮಿಣುಕು ಚಿತ್ರದಲ್ಲಿ ಮೆಲ್ಲಗೆ ಉಸಿರಾಡಿದ ಹಾಗೆ ತೋರುತ್ತದೆ. 172.8 ಡಿಗ್ರಿಗೆ ಇಟ್ಟರೆ ಪ್ರತಿ ಫ್ರೇಮೂ ಸರಿಯಾಗಿ ಐವತ್ತರಲ್ಲೊಂದು ಸೆಕೆಂಡು, ಅಂದರೆ ಪೂರ್ತಿ ಎರಡು ಮಿಣುಕು, ತೊಂದರೆ ಮಾಯ. ಯಾವ ದೀಪ ಕೆಟ್ಟದ್ದು ಎಂದು ತಿಳಿಯಲು ಫೋನಿನ ಸ್ಲೋ ಮೋಷನ್ ಸಾಕು, ಅದರಲ್ಲಿ ಪಟಪಟ ಬಡಿಯುವ ಬಲ್ಬುಗಳ ಪಟ್ಟಿ ಮಾಡಿ ಅಂಗಡಿಯವರನ್ನು ಕೇಳಿ ಬದಲಿಸಬೇಕು.

ಬೀದಿ ಒದ್ದೆಯಾಗಲು ಟ್ಯಾಂಕರ್. ನೂರು ಮೀಟರ್ ಉದ್ದ, ಏಳು ಮೀಟರ್ ಅಗಲದ ರಸ್ತೆಗೆ ಐದು ಸಾವಿರ ಲೀಟರ್ ಅಂದರೆ ಚದರ ಮೀಟರಿಗೆ ಏಳು ಲೀಟರ್, ಮೊದಲ ಸಲಕ್ಕೆ ಧಾರಾಳ. ಚಳಿಗಾಲದ ಒಣಗಾಳಿಗೆ ಡಾಂಬರು ಬೇಗ ಒಣಗುತ್ತದೆ, ಎರಡನೇ ಟ್ಯಾಂಕರ್ ಪಕ್ಕದ ಓಣಿಯಲ್ಲಿ ನಿಂತಿರಬೇಕು. ಸುರಿಯುವ ಮಳೆ ಬೇಕಾದರೆ ದೀಪ ಮಳೆಯ ಹಿಂದೆ ಇರಬೇಕು, ಕ್ಯಾಮೆರಾದ ಕಡೆಯಿಂದ ಹಾಕಿದ ಬೆಳಕಿನಲ್ಲಿ ಹನಿ ಕಾಣುವುದೇ ಇಲ್ಲ. ಕುಡಿಯುವ ನೀರಿಗೆ ತತ್ವಾರ ಇರುವ ಓಣಿಯಲ್ಲಿ ಟ್ಯಾಂಕರ್ ಸುರಿಯುವುದು ತಪ್ಪು. ಬೋರ್‌ವೆಲ್ಲಿನ ಉಪ್ಪುನೀರು ತರಿಸಬೇಕು.

ಬೆಳಗಾವಿಗೂ ಕನ್ನಡ ಸಿನಿಮಾಕ್ಕೂ ಇರುವ ಹಳೆಯ ನಂಟು ಗಡಿಯಾಚೆಯದು. 1934ರ ಮಾರ್ಚ್ 3ರಂದು ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತಯಾರಾದದ್ದು ಇಲ್ಲಿಂದ ನೂರು ಚಿಲ್ಲರೆ ಕಿ.ಮೀ. ದೂರದ ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಹಿನ್ನೆಲೆ ಗಾಯನ ಆಗಿನ್ನೂ ಬಂದಿರಲಿಲ್ಲ. ನಟರೇ ಹಾಡಬೇಕು, ಮೈಕು ಚೌಕಟ್ಟಿನಾಚೆ ಅಡಗಿರಬೇಕು. ಆ ಮೈಕು ಹಿಡಿದ ಕೈಗಳ ಹೆಸರು ನಮಗೆ ದಕ್ಕಿಲ್ಲ.

ಲಾಡ್ಜಿನಲ್ಲಿ ಕೊನೆಯ ಕೆಲಸ. ಪರೀಕ್ಷೆ ಚಿತ್ರಗಳ ಕಾರ್ಡು ಎರಡು ಬೇರೆ ಬೇರೆ ಡಿಸ್ಕಿಗೆ ನಕಲಾಗಿ, ಚೆಕ್‌ಸಮ್ (ನಕಲು ಮೂಲದ ಹಾಗೇ ಇದೆಯೇ ಎಂದು ನೋಡುವ ಅಂಕಿ) ತಾಳೆಯಾಗುವತನಕ ಕಾರ್ಡು ಅಳಿಸುವಂತಿಲ್ಲ. ಚಿತ್ರೀಕರಣದ ದಿನಗಳಲ್ಲಿ ಒಂದು ಟೆರಾಬೈಟ್ ಬಂದರೆ ಸೆಕೆಂಡಿಗೆ 250 ಎಂಬಿ ವೇಗದಲ್ಲಿ ಒಂದು ನಕಲಿಗೇ 67 ನಿಮಿಷ. ತಾಳೆ ನೋಡುವುದೂ ಸೇರಿದರೆ ಡೇಟಾ ನೋಡಿಕೊಳ್ಳುವ ಹುಡುಗ ಪ್ಯಾಕಪ್ ಆದ ಮೇಲೆ ಇನ್ನೂ ಮೂರು ತಾಸು ಎದ್ದಿರುತ್ತಾನೆ. ಅವನ ಕೋಣೆಗೆ ಇನ್ವರ್ಟರ್ ಇರುವ ಲಾಡ್ಜೇ ಆಗಬೇಕು, ನಡುವೆ ಕರೆಂಟ್ ಹೋದರೆ ನಕಲು ಅರ್ಧಕ್ಕೆ ನಿಲ್ಲುತ್ತದೆ. ಎರಡು ಡಿಸ್ಕುಗಳು ಒಂದೇ ಗಾಡಿಯಲ್ಲಿ ಬೆಂಗಳೂರಿಗೆ ಹೋಗಬಾರದು.

ಅಸೋಸಿಯೇಟ್ ಡೈರೆಕ್ಟರ್ ಚಾರ್ಟು ಹರಡುತ್ತಾನೆ. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಪುಟವನ್ನು ಎಂಟು ಪಾಲು ಮಾಡಿ ಪ್ರತಿ ದೃಶ್ಯ ಅಳೆಯುತ್ತಾರೆ. ಹೊರಾಂಗಣದಲ್ಲಿ ದಿನಕ್ಕೆ ಎರಡೂವರೆ ಪುಟ ಮೀರಿ ಬರೆದುಕೊಂಡರೆ ಸುಳ್ಳು ಲೆಕ್ಕ. ಜೋಳದ ಹೊಲ ಮೊದಲ ಎರಡು ದಿನ, ಗೋಳಗುಮ್ಮಟ ಮೂರನೆಯ ದಿನ ಬೆಳಗಿನ ಎರಡು ತಾಸು, ಬಾದಾಮಿ ಗುಹೆಯ ದೃಶ್ಯ ಹಗಲಿಗೆ, ಭೂತನಾಥ ಎರಡು ಸಂಜೆಗೆ ಒಡೆದು, ಮಾಳಿಗೆ ಮನೆ ನಾಲ್ಕು ದಿನ. ಗೋಕಾಕದ ಉದ್ದ ಮಾತಿನ ದೃಶ್ಯವನ್ನು ನಿರ್ದೇಶಕ ತಾನೇ ಹೊಡೆದುಹಾಕಿ ಎರಡು ಸಾಲಿಗೆ ಇಳಿಸುತ್ತಾನೆ. ಎಂಬತ್ತು ಮಂದಿಗೆ ತಲೆಗೆ ಮೂರರಂತೆ ದಿನಕ್ಕೆ 240 ರೊಟ್ಟಿ ಬಡಿದು ಕೊಡುವವರು ಗುಳೇದಗುಡ್ಡದಲ್ಲಿ ಒಪ್ಪಿದ್ದಾರೆ, ಮುಂಗಡ ಕೊಡಬೇಕು. ಸೌಂಡ್ ರೆಕಾರ್ಡಿಸ್ಟ್ ಕೇಳಿದ ಒಂದು ಮೂಟೆ ಒಣ ಕಣಿಕಿ (ಜೋಳದ ದಂಟು) ಬೆಂಗಳೂರಿನ ಬಸ್ಸಿಗೆ ಹಾಕಿಸಬೇಕು. ಹೊಲದಲ್ಲಿ ಓಡುವ ಕಾಲಿನ ಸಪ್ಪಳವನ್ನು ಫೋಲಿ ಕಲಾವಿದರು ಸ್ಟುಡಿಯೊದಲ್ಲಿ ಅದರ ಮೇಲೆ ತುಳಿದೇ ಮಾಡುವುದು, ಭತ್ತದ ಹುಲ್ಲಿನ ಮೇಲೆ ಮಾಡಿದರೆ ಈ ಭಾಗದವರ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಜನರೇಟರ್ ವ್ಯಾನನ್ನು ಹುಬ್ಬಳ್ಳಿಯಿಂದ ತರಿಸುವುದೋ ಬೆಂಗಳೂರಿನಿಂದಲೋ ಎಂಬುದು ಬಾಡಿಗೆಗಿಂತ ಡೀಸೆಲ್ ಮತ್ತು ಚಾಲಕನ ಬತ್ತೆಯ ಮೇಲೆ ನಿಂತಿದೆ. ಅದನ್ನು ಪ್ರೊಡಕ್ಷನ್ ಮ್ಯಾನೇಜರ್ ಬೆಳಗ್ಗೆ ಫೋನಿನಲ್ಲಿ ತೀರ್ಮಾನಿಸುತ್ತಾನೆ.